ಒಂದು ದಿನ ಮುಂಚೆ

ರೋಸ್ವೀಟಾ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ವಾಹಿನಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಸಭೆಯಲ್ಲಿ ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುವಳು. ಊಟಕ್ಕೆ ಕರೆದರೆ ಕಿಟಕಿಯ ಹತ್ತಿರ ನಿಂತು ಮಾಂಸದ ಬನ್ನು ಕಚ್ಚುತ್ತಾ ಇನ್ನೊಂದು ಕೈಯಲ್ಲಿ ಫೋನು ಹಿಡಿಯುವಳು. ಆದರೆ ಸೆಪ್ಟೆಂಬರಿನ ಆ ಕೊನೆಯ ವಾರದಲ್ಲಿ ಅವಳ ಓಡಾಟ ಕಂಡವರಿಗೆ ತಮಾಷೆ ಮಾಡುವ ಮನಸ್ಸೂ ಬರಲಿಲ್ಲ. ಮಂಗಳವಾರ ಸಂಜೆ ಏಳಕ್ಕೆ ವಾಹಿನಿ ಮುಚ್ಚುವುದಿತ್ತು. ಬುಧವಾರ ಅವಳ ಮೊಮ್ಮಗಳ ಹುಟ್ಟುಹಬ್ಬ. ಇವೆರಡರ ನಡುವಿನ ಆ ಒಂದು ರಾತ್ರಿ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಪುರ್ಟ್ಸೆಲ್ ವಾಹಿನಿ ಹುಟ್ಟಿದ್ದು ಮ್ಯೂನಿಕ್‌ನ ಉತ್ತರದ ಅಂಚಿನಲ್ಲಿ, ಹಿಂದೆ ಬಿಯರ್ ಬಾಟಲಿಗಳನ್ನು ಪೇರಿಸಿಡುತ್ತಿದ್ದ ಒಂದು ಗೋದಾಮಿನಲ್ಲಿ. ಅದು ತೊಂಬತ್ತೆಂಟನೆಯ ಇಸವಿ. ಹೀಟರ್ ಹಾಕಿದರೆ ಅದರ ಗುಂಯ್ ಎನ್ನುವ ಸದ್ದು ಧ್ವನಿಮುದ್ರಣದಲ್ಲಿ ಸೇರಿಕೊಳ್ಳುತ್ತದೆಂದು ಮೊದಲ ಚಳಿಗಾಲವಿಡೀ ಹಾಕಲೇ ಇಲ್ಲ. ಕಲಾವಿದರು ಕೋಟು, ಟೋಪಿ ತೊಟ್ಟು, ಮೂಗು ಸೊರಗುಟ್ಟುತ್ತಾ ಸಮುದ್ರತೀರದ ದೃಶ್ಯಗಳಿಗೆ ದನಿ ಕೊಟ್ಟರು. ಜಪಾನಿನ, ಫ್ರಾನ್ಸಿನ, ಅಮೆರಿಕದ ಕಾರ್ಟೂನುಗಳೆಲ್ಲ ಆ ಗೋದಾಮಿಗೆ ಬಂದು ಜರ್ಮನ್ ಕಲಿತು ಹೊರಗೆ ಹೋಗುತ್ತಿದ್ದವು. ಇಡೀ ದಿನದ ಪ್ರಸಾರಕ್ಕೆ ಬಾಡಿಗೆ ಕಟ್ಟುವ ತಾಕತ್ತು ವಾಹಿನಿಗೆ ಇರಲಿಲ್ಲ. ಹಾಗಾಗಿ ಬೆಳಗ್ಗೆಯಿಂದ ಸಂಜೆ ಏಳರವರೆಗೆ ಮಕ್ಕಳ ಕಾರ್ಟೂನು, ಆಮೇಲೆ ಅದೇ ಜಾಗದಲ್ಲಿ ಬಾಣಲೆ, ಚಾಪೆ, ಚಾಕು ಮಾರುವ ಅಂಗಡಿ ವಾಹಿನಿ. ಏಳು ಹೊಡೆದ ತಕ್ಷಣ ಕಾರ್ಟೂನು ಮಾಯವಾಗಿ, ಹಲ್ಲು ಕಿರಿಯುವ ಗಂಡಸೊಬ್ಬ ಪರದೆಯ ಮೇಲೆ ಟೊಮೆಟೊ ಕತ್ತರಿಸಲು ಶುರು ಮಾಡುತ್ತಿದ್ದ. ನಮ್ಮ ಮಕ್ಕಳ ಒಂದು ತಲೆಮಾರೇ ಮಲಗುವ ಹೊತ್ತನ್ನು ಆ ಟೊಮೆಟೊ ನೋಡಿ ತಿಳಿದುಕೊಂಡಿತು.

ಮೊದಲ ಯಜಮಾನ ಬೇಗನೇ ದಿವಾಳಿಯೆದ್ದ. ಎರಡನೆಯವನು ಬಂದು ಎರಡು ಸಾವಿರದ ಐದರಲ್ಲಿ ಹೆಸರನ್ನು ‘ವಿರ್ಬೆಲ್’ ಎಂದು ಬದಲಿಸಿ ಗೋಡೆಗಳಿಗೆಲ್ಲ ಕಿತ್ತಳೆ ಬಣ್ಣ ಬಳಿಸಿದ. ಮೂರನೆಯದು ಹಾಲೆಂಡಿನ ಕಂಪನಿ. ಅವರು ಮತ್ತೆ ಬಿಳಿ ಬಳಿಸಿದರು, ಈಗ ಬಾಗಿಲನ್ನೇ ಹಾಕಲು ಹೊರಟಿದ್ದರು. ಮಕ್ಕಳು ಈಚೆಗೆ ಬೆರಳಲ್ಲಿ ತಿಕ್ಕುವ ಪರದೆಗಳಲ್ಲಿ ಬೇಕಾದ್ದನ್ನು ಬೇಕಾದಾಗ ನೋಡಿಕೊಳ್ಳುತ್ತಾರಂತೆ, ವಾಹಿನಿ ಯಾರಿಗೆ ಬೇಕು? ಯಾರು ಬಂದು ಏನೇ ಬಳಿದರೂ ಅಲ್ಲಿ ಬದಲಾಗದೆ ಉಳಿದದ್ದು ಒಂದೇ. ಸಂಜೆ ಏಳಕ್ಕೆ ಸ್ವಲ್ಪ ಮುಂಚೆ ಪುರ್ಟ್ಸೆಲ್ ಎಂಬ ಕೆಂಪು ಅಳಿಲು ಕೊಂಬೆಯಿಂದ ಲಾಗ ಹಾಕಿ ಇಳಿದು ಬಂದು, ಆವತ್ತು ಹುಟ್ಟುಹಬ್ಬವಿರುವ ಮಕ್ಕಳ ಹೆಸರು ಕರೆದು ಶುಭಾಶಯ ಹೇಳುತ್ತಿತ್ತು. ಮಕ್ಕಳು ವಾರಗಟ್ಟಲೆ ಮೊದಲೇ ಕಾರ್ಡು ಬಿಡಿಸಿ ಕಳಿಸುತ್ತಿದ್ದವು. ಅವನ್ನು ಆರಿಸಿ, ದಿನಕ್ಕೆ ಹೊಂದಿಸಿ, ಅಳಿಲಿನ ಬಾಯಿಗೆ ಮಾತು ಬರೆದುಕೊಡುವ ಕೆಲಸ ಮೊದಲಿನಿಂದಲೂ ರೋಸ್ವೀಟಾಳದ್ದು. ದನಿ ಹಿಂಟರ್ಮಾಯರ್‌ನದ್ದು. ರಂಗದ ಮೇಲೆ ರಾಜರ ಪಾತ್ರ ಮಾಡಿ ಮಾಡಿ ಕೊನೆಗೆ ಅಳಿಲಾಗಿ ಹೊಟ್ಟೆ ಹೊರೆದ ಮುದುಕ ಅವನು.

ವಾಹಿನಿಯನ್ನು ಮುಚ್ಚಲೆಂದೇ ಹಾಲೆಂಡಿನಿಂದ ಬಂದಿದ್ದ ಮರೈಕೆ ಕೆಟ್ಟವಳಲ್ಲ. ಸೈಕಲ್ಲಿನಲ್ಲಿ ಆಫೀಸಿಗೆ ಬರುವ, ದೊಡ್ಡ ದನಿಯ, ದೊಡ್ಡ ಮನಸ್ಸಿನ ಹೆಂಗಸು. ಶುಕ್ರವಾರದ ಸಭೆಯಲ್ಲಿ ಅವಳ ಮುಖ ಬೆಳಗುತ್ತಿತ್ತು.

“ನಂಗೊಂದು ಐಡಿಯಾ ಬಂದಿದೆ ಕಣ್ರೀ,” ಎಂದಳು. “ಅಕ್ಟೋಬರಿಂದ ಡಿಸೆಂಬರ್ ತನಕ ಹುಟ್ಟುಹಬ್ಬ ಇರೋ ಮಕ್ಕಳು ಆಗ್ಲೇ ಕಾರ್ಡ್ ಕಳ್ಸಿ ಕೂತಿದಾವೆ. ಪಾಪ, ಅವಕ್ಕೆ ಮೋಸ ಆಗತ್ತಲ್ವಾ? ಕೊನೇ ದಿನ ನಮ್ ಅಳಿಲು ಅಷ್ಟೂ ಮಕ್ಕಳಿಗೆ ಒಟ್ಟಿಗೇ ವಿಶ್ ಮಾಡ್ಬಿಡ್ಲಿ. ಮುಂಗಡವಾಗಿ!”

ಕೋಣೆಯಲ್ಲಿ ಸಾವಿನ ಸುದ್ದಿ ಬಂದ ಹಾಗಾಯಿತು. ನಮ್ಮ ಜರ್ಮನಿಯಲ್ಲಿ ಹುಟ್ಟುಹಬ್ಬಕ್ಕೆ ಒಂದು ಗಂಟೆ ಮೊದಲೂ ಯಾರೂ ಯಾರಿಗೂ ಶುಭಾಶಯ ಹೇಳುವುದಿಲ್ಲ. ಹೇಳಿದರೆ ಆ ದಿನವನ್ನು ನೋಡುವ ಭಾಗ್ಯವೇ ಹೋಗಿಬಿಡುತ್ತದೆ ಎಂದು ಅಜ್ಜಿಯಂದಿರು ಎದೆಹಾಲಿನ ಜೊತೆ ಕುಡಿಸಿದ್ದಾರೆ. ದೇವರಿಲ್ಲ ಎನ್ನುವವರು, ಇಗರ್ಜಿಗೆ ಕಟ್ಟುವ ತೆರಿಗೆ ಉಳಿಯಲಿ ಎಂದು ಅದನ್ನೇ ಬಿಟ್ಟುಬಂದವರು ಕೂಡ ಈ ವಿಷಯದಲ್ಲಿ ನಾಲಿಗೆ ಕಚ್ಚಿಕೊಳ್ಳುತ್ತಾರೆ.

“ನಂಗೇನೂ ಇಂಥದ್ರಲ್ಲಿ ನಂಬಿಕೆ ಇಲ್ಲಪ್ಪ,” ಎಂದ ವಾಹಿನಿಯ ವಕೀಲ, ಕಾಫಿ ಲೋಟ ಕೆಳಗಿಟ್ಟು. “ಆದ್ರೂ…”

“ನಂಗೂ ಇಲ್ಲ,” ಎಂದಳು ಜಾಹೀರಾತು ವಿಭಾಗದವಳು. “ಆದ್ರೂ…”

ಆ ‘ಆದ್ರೂ’ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಮರೈಕೆಗೆ ನಗುವೂ ಬಂತು, ಸಿಟ್ಟೂ ಬಂತು. “ನಮ್ಮೂರಲ್ಲಿ ಮಗೂಗೆ ಮಾತ್ರ ಅಲ್ಲ, ಅವರಮ್ಮಂಗೂ ವಿಶ್ ಮಾಡ್ತೀವಿ, ಅಜ್ಜೀಗೂ ಮಾಡ್ತೀವಿ, ಪಕ್ಕದ್ಮನೆಯವರನ್ನೂ ಬಿಡಲ್ಲ. ನಿಮ್ದೇನ್ರೀ ಇಷ್ಟೊಂದ್ ಜಿಪುಣತನ? ರೋಸ್ವೀಟಾ, ಇದು ನಿನ್ ಇಲಾಖೆ. ನೀನ್ ಹೇಳು.”

ಎಲ್ಲರೂ ಅವಳ ಕಡೆ ತಿರುಗಿದರು. ಅವಳ ಗಂಡ ಹೇಗೆ ಸತ್ತ ಎಂದು ಮರೈಕೆಯೊಬ್ಬಳನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಈ ಹಾಲೆಂಡಿನವಳನ್ನು ಈಗ ಹರಿದು ಹಾಕುತ್ತಾಳೆ ಎಂದು ಕಾದರು.

“ಆಗ್ಲಿ,” ಎಂದಳು ರೋಸ್ವೀಟಾ, ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡು. ಮತ್ತೆ ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ಅವಳ ಗಂಡ ಆಲೋಯ್ಸ್‌ಗೆ ಅರವತ್ತು ತುಂಬುವ ದಿನವೇ ವಾಹಿನಿಗೆ ‘ವಿರ್ಬೆಲ್’ ಎಂಬ ಹೊಸ ಹೆಸರಿಡುವ ಸಮಾರಂಭವಿತ್ತು, ಅದೂ ದೂರದ ಕೊಲೋನ್‌ನಲ್ಲಿ. ಹಿಂದಿನ ದಿನ ಮಧ್ಯಾಹ್ನ ಚೀಲ ಹೆಗಲಿಗೇರಿಸಿ, ಟ್ಯಾಕ್ಸಿ ಕಾಯುತ್ತಿದೆಯೆಂದು ಬಾಗಿಲಲ್ಲೇ ಅವನ ಕೆನ್ನೆಗೆ ಮುತ್ತಿಟ್ಟು, “ನಾಳೆ ಫೋನ್ ಮಾಡಕ್ಕೆ ಪುರುಸೊತ್ತು ಸಿಗತ್ತೋ ಇಲ್ವೋ, ಈಗ್ಲೇ ಹೇಳ್ಬಿಡ್ತೀನಿ, ಹುಟ್ಟುಹಬ್ಬದ ಶುಭಾಶಯ” ಎಂದಳು. ಆಲೋಯ್ಸ್ ನಗುತ್ತಾ ಅಂಗೈಯಿಂದ ಅವಳ ಬಾಯಿ ಮುಚ್ಚಿ, “ಏಯ್, ನುಂಗ್ಕೊಳೇ ಅದನ್ನ!” ಎಂದ. ಆವತ್ತು ಸಂಜೆ ತೋಟದಲ್ಲಿ ಕುರ್ಚಿ ಜೋಡಿಸುತ್ತಿದ್ದವನು ಹಾಗೇ ಕುಸಿದ. ಎಷ್ಟೋ ವರ್ಷದಿಂದ ಹೃದಯದ ನಾಳಗಳು ಕಟ್ಟಿಕೊಳ್ಳುತ್ತಾ ಬಂದಿದ್ದವು ಎಂದರು ವೈದ್ಯರು. ರೋಸ್ವೀಟಾಗೆ ಅದು ಅರ್ಥವಾಗಿತ್ತು. ಅರ್ಥವಾಗುವುದು ಬೇರೆ, ನಿದ್ದೆ ಬರುವುದು ಬೇರೆ.

ಶವಸಂಸ್ಕಾರದ ಊಟದ ಮೇಜಿನಲ್ಲಿ ಮಗಳು ಸಿಲ್ಕೆ ಎಲ್ಲರೆದುರೇ ಕೇಳಿದಳು. “ಒಂದ್ ದಿನ ಕಾಯಕ್ಕಾಗ್ಲಿಲ್ಲ ಅಲ್ವಾ ನಿಂಗೆ? ನಂಗಾದ್ರೂ ಯಾವತ್ತು ಕಾದಿದ್ದೆ ನೀನು?” ಮೂಢನಂಬಿಕೆಯ ಮಾತಾಗಿದ್ದರೆ ಅದು ಒಂದು ತಿಂಗಳಿಗೆ ಆರುತ್ತಿತ್ತು. ಆದರೆ ಸಿಲ್ಕೆಯ ಬಾಲ್ಯದ ಹುಟ್ಟುಹಬ್ಬಗಳೆಲ್ಲ ತಾಯಿಗೆ ಬಿಡುವಾದ ಭಾನುವಾರಗಳಲ್ಲಿ ನಡೆದಿದ್ದವು, ಮೇಣದ ಬತ್ತಿ ಅರ್ಧ ಉರಿಯುವಷ್ಟರಲ್ಲಿ ತಾಯಿ ಕೋಟು ಹಾಕಿಕೊಂಡಿರುತ್ತಿದ್ದಳು. ಆ ಲೆಕ್ಕವೆಲ್ಲ ಸೇರಿ ಆವತ್ತು ಆಚೆ ಬಂತು. ಸಿಲ್ಕೆ ಉತ್ತರದ ಸಮುದ್ರತೀರಕ್ಕೆ, ವಾರ್ನೆಮ್ಯುಂಡೆಗೆ ಹೊರಟುಹೋದಳು. ಫೋನು ಮಾಡಬೇಡ, ಬರಬೇಡ ಎಂದು ಹೇಳಿಯೇ ಹೋದಳು.

ಎರಡು ವರ್ಷದ ಮೇಲೆ ಹೆಣ್ಣುಮಗು ಹುಟ್ಟಿತು, ಯೂಲೆ ಎಂದು ಹೆಸರಿಟ್ಟರು ಎಂಬುದು ನಾದಿನಿಯ ಬಾಯಿಂದ ತಿಳಿಯಿತು. ಆ ಮಗುವಿಗೆ ಮೂರು ತುಂಬಿದ ದಿನ ರೋಸ್ವೀಟಾ ಯಾರಿಗೂ ಹೇಳದೆ ಅಳಿಲಿನ ಮಾತಿನಲ್ಲಿ ‘ವಾರ್ನೆಮ್ಯುಂಡೆಯ ಯೂಲೆ’ ಎಂದು ಸೇರಿಸಿದಳು. ಬೈಗುಳ ಬರುತ್ತದೆಂದು ಒಂದು ವಾರ ಕಾದಳು. ಬೈಗುಳ ಬರಲಿಲ್ಲ. ಮುಂದಿನ ವರ್ಷ ಆಗಸ್ಟಿನಲ್ಲಿ, ಎಲ್ಲ ಮಕ್ಕಳ ಕಾರ್ಡುಗಳ ಜೊತೆ ಒಂದು ಕಾರ್ಡು ಬಂತು. ಆಲೂಗಡ್ಡೆಯಂಥ ಅಳಿಲು, ಕೆಳಗೆ ಯೂಲೆಯ ಹೆಸರು, ತಾರೀಕು ಅಕ್ಟೋಬರ್ ಒಂದು. ವಿಳಾಸ ಬರೆದದ್ದು ಸಿಲ್ಕೆಯ ಕೈ. ತಾಯಿಗೆಂದು ಒಂದು ಅಕ್ಷರವಿಲ್ಲ. ಆಮೇಲೆ ಪ್ರತಿ ವರ್ಷ ಬಂತು. ಅದು ಕ್ಷಮೆಯಲ್ಲ ಎಂದು ರೋಸ್ವೀಟಾಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಾಗಿಲಿನ ಕೆಳಗಿನ ಸಂದಿಯಂತೂ ಹೌದು, ಅಷ್ಟು ಬೆಳಕು ಸಾಕು ಎಂದು ಅವಳು ಬದುಕಿದ್ದಳು. ಈ ವರ್ಷದ ಕಾರ್ಡೂ ಬಂದಿತ್ತು. ಅಳಿಲಿಗೆ ಈಗ ಅಳಿಲಿನ ಆಕಾರ ಬಂದಿತ್ತು.

ಅದಕ್ಕೇ ‘ಆಗ್ಲಿ’ ಎಂದಳು. ಹೇಗಾದರೂ ಸರಿ, ಇನ್ನೊಂದೇ ಒಂದು ಸಲ ಆ ಹೆಸರು ಆ ಮನೆಯೊಳಗೆ ಹೋಗಲಿ ಎಂಬ ಆಸೆ.

ಶನಿವಾರ ಬೆಳಗ್ಗೆಯಿಂದ ಪರದೆಯ ಮೇಲೆ ಪ್ರಕಟಣೆ ಓಡತೊಡಗಿತು: ಮಂಗಳವಾರ ಪುರ್ಟ್ಸೆಲ್ ಬರಲಿರುವ ಎಲ್ಲ ಹುಟ್ಟುಹಬ್ಬಗಳಿಗೂ ಶುಭಾಶಯ ಹೇಳಲಿದ್ದಾನೆ! ಮಧ್ಯಾಹ್ನದ ಹೊತ್ತಿಗೆ ಫೋನು ಎತ್ತುವ ಬುರ್ಗಿಯ ಗಂಟಲು ಕಟ್ಟಿತು.

“ನಾನು ಇಂಜಿನಿಯರ್ರೀ, ಇದನ್ನೆಲ್ಲ ನಂಬೋನಲ್ಲ,” ಎಂದನಂತೆ ಒಬ್ಬ. “ಆದ್ರೆ ನಮ್ಮಮ್ಮ ಇಲ್ಲೇ ಪಕ್ಕದಲ್ಲಿ ಕೂತಿದಾರೆ. ದಯವಿಟ್ಟು ಹೆಸರು ತೆಗೀರಿ.” ಪಸ್ಸೌನ ತಾಯಿಯೊಬ್ಬಳು ಕೋರ್ಟಿಗೆ ಹೋಗುತ್ತೇನೆಂದಳು. ಒಬ್ಬ ಅಜ್ಜಿ, “ನಿಮ್ ಅಳಿಲಿಗೆ ಹುಳ ಬೀಳ” ಎಂದು ಶಪಿಸಿ ಫೋನಿಟ್ಟಳು. ಸೋಮವಾರ ಮರೈಕೆ ಕೈ ಎತ್ತಿದಳು.

“ಕಾರ್ ಕಟ್ತೀರ, ರೈಲ್ ಕಟ್ತೀರ, ಒಂದ್ ಅಳಿಲು ಬಾಯ್ಬಿಟ್ರೆ ಚಡ್ಡಿ ಒದ್ದೆ ಮಾಡ್ಕೊತೀರಲ್ರೀ! ಆಯ್ತು. ಮನೆಯವ್ರು ಬೇಡ ಅಂದಿದ್ದೆಲ್ಲ ತೆಗೆದ್ಬಿಡಿ. ಬೇಡ ಅನ್ನದವ್ರದ್ದು ಮಾತ್ರ ಓದಿ.”

ಹೆಸರುಗಳು ಒಂದೊಂದಾಗಿ ಉದುರಿದವು. ಇನ್ನು ಉಳಿದವರಿಗೆ ಬುರ್ಗಿಯೇ ಫೋನು ಮಾಡಿ ಕೇಳಿದಳು, ಅವರೂ ಬೇಡವೆಂದರು. ವಾರ್ನೆಮ್ಯುಂಡೆಗೆ ಮಾಡಬೇಡ, ಅದು ನನಗೆ ಬಿಡು ಎಂದಿದ್ದಳು ರೋಸ್ವೀಟಾ. ಆದರೆ ತಾನೂ ಮಾಡಲಿಲ್ಲ, ಮಾಡಬೇಡ ಎಂಬ ಮಾತು ಇನ್ನೂ ಕಿವಿಯಲ್ಲಿತ್ತು. ಸಿಲ್ಕೆಯೇ ಮಾಡಬಹುದೆಂದು ಕಾದಳು. ಬೈಯಲಿಕ್ಕಾದರೂ ಸರಿ, ಒಂಬತ್ತು ವರ್ಷದ ಮೇಲೆ ಆ ದನಿ ಕೇಳಿಸಲಿ. ಫೋನು ರಿಂಗಾದಾಗೆಲ್ಲ ಬುರ್ಗಿಯ ಮೇಜಿನ ಹತ್ತಿರ ಓಡಿ ನಿಲ್ಲುವಳು. ಬಂದದ್ದು ಬೇರೆ ಯಾರದೋ ಎಂದಾಗ ಏನೋ ಕೆಲಸವಿದ್ದವಳ ಹಾಗೆ ಮುಂದೆ ಹೋಗುವಳು. ವಾರ್ನೆಮ್ಯುಂಡೆಯಿಂದ ಮಾತ್ರ ಕರೆ ಬರಲೇ ಇಲ್ಲ. ಹಾಗಾದರೆ ಓದಬಹುದು ಎಂದೇ? ಅಥವಾ ಪ್ರಕಟಣೆಯನ್ನೇ ನೋಡಿಲ್ಲವೇ?

ಸಂಜೆ ಸುರಂಗದ ರೈಲು ಬಿಯರ್ ಹಬ್ಬದಿಂದ ವಾಪಸಾಗುವವರಿಂದ ತುಂಬಿತ್ತು. ಚರ್ಮದ ಚಡ್ಡಿ ತೊಟ್ಟವನೊಬ್ಬ ಅವಳ ಹೆಗಲಿಗೆ ಕೈ ಹಾಕಿ, “ಯಾಕಜ್ಜಿ ಮುಖ ಸಪ್ಪಗಿದೆ, ಹಾಡೋಣ ಬಾ” ಎಂದ. ಕೈ ಕೊಡವಿ ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು. ಮನೆಗೆ ಬಂದು ಇಸ್ತ್ರಿಯಾಗಿದ್ದ ಅಂಗಿಗೆ ಮತ್ತೆ ಇಸ್ತ್ರಿ ಹಾಕಿದಳು. ಫೋನು ಕೈಗೆತ್ತಿಕೊಂಡಳು, ಇಟ್ಟಳು. ಮತ್ತೆ ಎತ್ತಿಕೊಂಡಳು. ಕೊನೆಗೆ ಅದನ್ನು ಬ್ರೆಡ್ಡಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

ಮಂಗಳವಾರ ಎಲ್ಲರೂ ತಮ್ಮ ತಮ್ಮ ಮನೆಯಿಂದ ಕೇಕು ತಂದಿದ್ದರು. ಕೆಲಸ ಬಿಟ್ಟು ಹೋಗುವವನೇ ಎಲ್ಲರಿಗೂ ತಿನ್ನಿಸಬೇಕು, ಅದು ಪದ್ಧತಿ. ಆವತ್ತು ಹೋಗುವವರೇ ಎಲ್ಲರೂ ಆದದ್ದರಿಂದ ತಿನ್ನುವವರಿರಲಿಲ್ಲ, ಪ್ಲಮ್ ಕೇಕಿನ ಮೇಲೆ ಕಣಜಗಳು ಹಾರಾಡುತ್ತಿದ್ದವು. ಕೊನೆಯ ಕಾರ್ಯಕ್ರಮ ನೇರ ಪ್ರಸಾರವಾಗಲಿ ಎಂದಿದ್ದಳು ಮರೈಕೆ. ಆರೂವರೆಗೆ ಹಿಂಟರ್ಮಾಯರ್ ಧ್ವನಿಕೋಣೆಯಲ್ಲಿ ಕುಳಿತು ಕನ್ನಡಕ ಏರಿಸಿದ. ಅವನ ಎದುರಿಗೆ ನಿಂತು ಕೈಸನ್ನೆ ಮಾಡುವುದು ರೋಸ್ವೀಟಾಳ ಕೆಲಸ.

“ಇದ್ಯಾವ್ದಮ್ಮ, ಎಲ್ಲಾ ಹೋಗಿ ಇದೊಂದ್ ಹೆಸರು ಉಳ್ಕೊಂಡಿದೆ?” ಎಂದ ಹಾಳೆ ನೋಡುತ್ತಾ. “ವಾರ್ನೆಮ್ಯುಂಡೆಯ ಯೂಲೆ. ಇದು ನಾಳೇದಲ್ವಾ?”

“ಹೌದು.”

“ಪ್ರತಿ ವರ್ಷ ಓದ್ತೀನಿ ಇದನ್ನ. ಅವ್ರ ಮನೆಯವ್ರು ಬೇಡ ಅನ್ಲಿಲ್ವಾ?”

“ಇಲ್ಲ.”

“ನಿಂಗೇನಾಗ್ಬೇಕು?”

“ಮೊಮ್ಮಗಳು,” ಎಂದಳು ರೋಸ್ವೀಟಾ. ಆ ಪದವನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. “ಸಿಲ್ಕೆಯ ಮಗಳು. ಇವತ್ತು ಹೇಳ್ದೆ ಇದ್ರೆ ಇನ್ಯಾವತ್ತೂ ಹೇಳಕ್ಕಾಗಲ್ಲ ಹಿಂಟರ್ಮಾಯರ್. ನಾಳೆ ಅಳಿಲೇ ಇರಲ್ಲ.”

ಆಲೋಯ್ಸ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಹಿಂಟರ್ಮಾಯರ್ ಒಬ್ಬ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಅದು ಕೊಳೆಯಾಗಿರಲಿಲ್ಲ.

“ನೋಡು ತಾಯಿ. ಅಪಶಕುನ ಹೇಳ್ದವನಿಗೆ ತಟ್ಟೋದಾಗಿದ್ರೆ ನಾನ್ ಇಲ್ಲಿಂದ ಕೂಗಿ ಹೇಳ್ತಿದ್ದೆ, ಎಪ್ಪತ್ನಾಲ್ಕಾಯ್ತು, ತಗೊಂಡ್ ಹೋಗ್ಲಿ. ಅದು ತಟ್ಟೋದು ಕೇಳಿಸ್ಕೊಂಡವರಿಗೆ. ಹಾಗಂತ ನಾನೇನ್ ನಂಬ್ತೀನಿ ಅಂತಲ್ಲ.”

“ಆದ್ರೂ,” ಎಂದಳು ರೋಸ್ವೀಟಾ.

“ಆದ್ರೂ. ನೀನ್ ಕೈ ಎತ್ತು, ಓದ್ತೀನಿ. ಎತ್ತಿಲ್ವಾ, ಓದಲ್ಲ. ಇದನ್ನ ನನ್ ತಲೆ ಮೇಲೆ ಹಾಕ್ಬೇಡ.”

ಕೆಂಪು ದೀಪ ಹತ್ತಿತು. ಗಾಜಿನ ಆಚೆ ಮರೈಕೆ, ವಕೀಲ, ಬುರ್ಗಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಿಂತಿದ್ದರು. ಪರದೆಯ ಮೇಲೆ ಅಳಿಲು ಲಾಗ ಹಾಕಿ ಇಳಿಯಿತು. ಹಿಂಟರ್ಮಾಯರ್ ಆ ದಿನದ ಮಕ್ಕಳ ಹೆಸರುಗಳನ್ನು ಓದಿದ, ಒಂದೊಂದಕ್ಕೂ ಒಂದೊಂದು ಚೇಷ್ಟೆಯ ಮಾತು ಸೇರಿಸಿ, ಆರು ವರ್ಷದ ಹುಡುಗನೇ ಮಾತಾಡಿದ ಹಾಗೆ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ.

ರೋಸ್ವೀಟಾಳ ಬಲಗೈ ಎದೆಯ ಮಟ್ಟಕ್ಕೆ ಬಂದಿತ್ತು. ಇನ್ನು ಒಂದು ಗೇಣು ಎತ್ತಿದರೆ ಮುಗಿಯಿತು. ಅಷ್ಟು ದೂರದಲ್ಲಿ ಒಂದು ಮಗು ಕೈ ಚಪ್ಪಾಳೆ ಹೊಡೆದು ಕುಣಿಯುತ್ತದೆ. ಅದರ ಪಕ್ಕದಲ್ಲಿ ಸಿಲ್ಕೆ ಕುಳಿತಿರುತ್ತಾಳೆ. ಆಗ ಆಲೋಯ್ಸ್‌ನ ಅಂಗೈ ಬಾಯಿಗೆ ಒತ್ತಿದ ಹಾಗಾಯಿತು, ಹೊಗೆಸೊಪ್ಪು ಮತ್ತು ಸೋಪಿನ ವಾಸನೆಯ ಸಮೇತ. ಭಯವಾಯಿತು ಅವಳಿಗೆ. ನಾಚಿಕೆಯೂ ಆಯಿತು. ಇದು ಮಗುವಿನ ದಿನ, ನನ್ನ ಪುರುಸೊತ್ತಿನ ದಿನವಲ್ಲ ಎಂದು ಈ ಅರವತ್ತರ ಅಂಚಿನಲ್ಲಿ ಹೊಳೆಯಬೇಕಾಯಿತೇ ಎಂದು ತನ್ನ ಮೇಲೇ ರೇಗಿತು. ಎತ್ತಿದ ಕೈಯನ್ನು ಕೆಳಗಿಳಿಸಿ, ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡಳು.

ಪರದೆಯ ಮೇಲೆ ಅಳಿಲು ಬಾಲ ಅಲ್ಲಾಡಿಸುತ್ತಾ ಕಾಯುತ್ತಿತ್ತು.

“ಇವತ್ತಿಂದು ಇವತ್ತಿಗೆ ಆಯ್ತು,” ಎಂದ ಹಿಂಟರ್ಮಾಯರ್, ಹಾಳೆಯಲ್ಲಿ ಇಲ್ಲದ ಮಾತನ್ನು, ಅಳಿಲಿನ ದನಿಯಲ್ಲೇ. “ನಾಳೇದು ನಾಳೆಗಿರ್ಲಿ. ಹೋಗಿ ಮಲಕ್ಕೊಳ್ರೋ ಮಕ್ಳಾ.”

ಏಳಾಯಿತು. ಹಲ್ಲು ಕಿರಿಯುವ ಗಂಡಸು ಟೊಮೆಟೊ ಕತ್ತರಿಸತೊಡಗಿದ. ಯಾರೋ ಜೋರಾಗಿ ನಕ್ಕರು, ನಕ್ಕವರೇ ಅಳತೊಡಗಿದರು, ಮರೈಕೆ ದೊಡ್ಡ ಸದ್ದು ಮಾಡಿ ಮೂಗು ಒರೆಸಿಕೊಂಡಳು. ರೋಸ್ವೀಟಾ ಯಾರಿಗೂ ಸಿಗದೆ ಮೆಟ್ಟಿಲ ಕಡೆ ಹೋದಳು. ಒಳ್ಳೆಯದು ಮಾಡಿದೆ ಎಂಬ ಸಮಾಧಾನ ಒಂದಿಷ್ಟೂ ಇರಲಿಲ್ಲ. ಇದ್ದ ಒಂದು ಸಂದಿಯನ್ನೂ ತನ್ನ ಕೈಯಾರೆ ಮುಚ್ಚಿ ಬಂದೆ ಎನಿಸಿ, ಮೆಟ್ಟಿಲು ಹತ್ತುತ್ತಾ ಇಳಿಯುತ್ತಾ ಅತ್ತಳು.

“ರೋಸ್ವೀಟಾ! ಎಲ್ಲಿ ಹಾಳಾಗ್ ಹೋದೆ?” ಬುರ್ಗಿ ಮೇಲಿನಿಂದ ಕೂಗಿದಳು. “ಫೋನು! ವಾಹಿನಿ ಸತ್ರೂ ಕಂಪ್ಲೇಂಟ್ ಸಾಯಲ್ಲ. ವಾರ್ನೆಮ್ಯುಂಡೆಯಿಂದ ಯಾರೋ!”

ಮೆಟ್ಟಿಲನ್ನು ಹೇಗೆ ಹತ್ತಿದಳೋ ಅವಳಿಗೇ ತಿಳಿಯಲಿಲ್ಲ.

“ಹೇಳ್ಲಿಲ್ಲ ನೀನು,” ಎಂದಿತು ಫೋನಿನಲ್ಲಿ ಸಿಲ್ಕೆಯ ದನಿ. ದನಿ ಸ್ವಲ್ಪ ದಪ್ಪಗಾಗಿತ್ತು, ಅಪ್ಪನದರ ಹಾಗೆ.

“ಇಲ್ಲ.”

“ಯೂಲೆ ಅಳ್ತಿದಾಳೆ. ಎಲ್ಲರ ಹೆಸ್ರೂ ಬಂತು, ನಂದ್ ಮಾತ್ರ ಯಾಕ್ ಬರ್ಲಿಲ್ಲ ಅಂತ.”

“ಸಿಲ್ಕೆ, ಅವಳ ಹುಟ್ಟುಹಬ್ಬ ನಾಳೆ…”

“ನಾಳೆ ಅಂತ ನಂಗೊತ್ತು. ಹೆತ್ತಿದ್ದು ನಾನು.”

ಆ ಕಡೆ ಮಗುವೊಂದು ಬಿಕ್ಕುವುದು ಕೇಳಿಸುತ್ತಿತ್ತು.

“ಶನಿವಾರದಿಂದ ಆ ದರಿದ್ರ ಪ್ರಕಟಣೆ ನೋಡ್ತಿದೀನಿ,” ಎಂದಳು ಸಿಲ್ಕೆ. “ಫೋನ್ ಮಾಡಿ ಬೇಡ ಅನ್ಬೋದಿತ್ತು. ಮಾಡ್ಲಿಲ್ಲ. ಏನ್ ಮಾಡ್ತಾಳೋ ನೋಡೋಣ ಅಂತ ಇದ್ದೆ. ರಿಮೋಟು ಕೈಯಲ್ ಹಿಡ್ಕೊಂಡೇ ಕೂತಿದ್ದೆ. ಯೂಲೆ ಅಂತ ಬಾಯಿಗ್ ಬಂದ ತಕ್ಷಣ ಆರಿಸ್ಬಿಡೋಣ, ಅಲ್ಲಿಗೆ ಎಲ್ಲಾ ಮುಗೀಲಿ ಅಂತ.”

ರೋಸ್ವೀಟಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ನಾಳೆ ಅಳಿಲು ಬರಲ್ವಲ್ಲ, ನಂಗ್ಯಾರು ಹೇಳ್ತಾರೆ ಅಂತ ಕೇಳ್ತಿದಾಳೆ. ಏನ್ ಹೇಳ್ಲಿ ಅವಳಿಗೆ?”

“ನಾನ್ ಬರ್ಲಾ?” ಯೋಚಿಸುವ ಮೊದಲೇ ಮಾತು ಆಚೆ ಬಂದಿತ್ತು.

ಆ ಕಡೆ ಮಗುವಿನ ಬಿಕ್ಕೂ ಕೇಳಿಸದಾಯಿತು. ಫೋನು ಕಟ್ಟಾಗಿಯೇ ಹೋಯಿತೆಂದು ರೋಸ್ವೀಟಾ ಹೆದರಿದಳು.

“ಮೂರು ಗಂಟೆಗೆ ಕಾಫಿ,” ಎಂದಳು ಸಿಲ್ಕೆ. “ಲೇಟಾಗ್ ಬರ್ಬೇಡ. ಮುಂಚೇನೂ ಬರ್ಬೇಡ.”

ಬೆಳಗಿನ ಮೊದಲ ರೈಲಿಗೆ ಹೊರಟಳು. ದೇಶದ ಈ ತುದಿಯಿಂದ ಆ ತುದಿಗೆ ಪ್ರಯಾಣ. ನ್ಯೂರೆಂಬರ್ಗ್ ದಾಟುವವರೆಗೆ ಬೋಗಿಯಿಂದ ಬೋಗಿಗೆ ನಡೆದಾಡಿದಳು. “ಏನಾದ್ರೂ ಕಳ್ಕೊಂಡ್ರಾ ಮೇಡಮ್?” ಎಂದು ಟಿಕೆಟ್ ನೋಡುವವನು ಕೇಳಿದ. ಬರ್ಲಿನ್‌ನಲ್ಲಿ ರೈಲು ಬದಲಿಸಬೇಕಾದಾಗ ತಪ್ಪು ಮೆಟ್ಟಿಲು ಇಳಿದು, ಬಣ್ಣದ ಪೆಟ್ಟಿಗೆಯ ಉಡುಗೊರೆಯನ್ನು ಎದೆಗವಚಿಕೊಂಡು ಓಡಿದಳು. ಇಷ್ಟೆಲ್ಲ ಓಡಿಯೂ ವಾರ್ನೆಮ್ಯುಂಡೆಗೆ ಬೇಗನೇ ತಲುಪಿದ್ದಳು. ಬಂದರಿನ ಉದ್ದಕ್ಕೂ ಹೋದಳು, ಬಂದಳು. ಹೆರಿಂಗ್ ಮೀನಿನ ಬನ್ನು ಕೊಂಡಳು, ಎರಡು ತುತ್ತು ತಿನ್ನುವಷ್ಟರಲ್ಲಿ ಕಡಲಹಕ್ಕಿಯೊಂದು ಕಿತ್ತುಕೊಂಡು ಹೋಯಿತು. ಅದಕ್ಕೂ ಬೈಯಲಿಲ್ಲ. ಇಗರ್ಜಿಯ ಗಂಟೆ ಮೂರು ಹೊಡೆಯುವಾಗ ಕರೆಗಂಟೆಯ ಮೇಲೆ ಬೆರಳಿಟ್ಟಳು.

ಸಿಲ್ಕೆ ಬಾಗಿಲು ತೆರೆದಳು. ಕೂದಲು ಕತ್ತರಿಸಿಕೊಂಡಿದ್ದಳು, ಕಿವಿಯ ಹತ್ತಿರ ಒಂದೆರಡು ನೆರೆತಿದ್ದವು. ಮಗಳ ಕೂದಲು ನೆರೆತದ್ದು ಕಂಡು ರೋಸ್ವೀಟಾಳ ಜೀವ ಹಿಂಡಿದಂತಾಯಿತು. ಒಳಗಿನಿಂದ ಮಕ್ಕಳ ಗಲಾಟೆ ಬರುತ್ತಿತ್ತು. ಕಾಗದದ ಕಿರೀಟ ತೊಟ್ಟ ಹುಡುಗಿಯೊಬ್ಬಳು ಓಡಿಬಂದು ಸಿಲ್ಕೆಯ ಹಿಂದಿನಿಂದ ಇಣುಕಿದಳು. ರೋಸ್ವೀಟಾ ಬಾಯಿ ತೆರೆದಳು.

ಸಿಲ್ಕೆ ಅಂಗೈ ಎತ್ತಿ ತಡೆದಳು. “ತಡಿ. ಅವಳು ಹುಟ್ಟಿದ್ದು ನಾಲ್ಕು ಗಂಟೆಗೆ.”

ಅದು ಹಾಸ್ಯವೋ ಹಟವೋ ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ. ಮಧ್ಯರಾತ್ರಿ ಕಳೆದರೆ ಹುಟ್ಟುಹಬ್ಬ ಶುರುವಾಯಿತೆಂದೇ ಅರ್ಥ, ಗಂಟೆ ಲೆಕ್ಕ ಹಾಕುವ ಪದ್ಧತಿ ಯಾವ ಅಜ್ಜಿಯೂ ಹೇಳಿದ್ದಲ್ಲ. ಒಂಬತ್ತು ವರ್ಷದ ಹಿಂದಿನ ರೋಸ್ವೀಟಾ ಆಗಿದ್ದರೆ ಅಲ್ಲೇ ವಾದಕ್ಕೆ ನಿಲ್ಲುತ್ತಿದ್ದಳು. ಇವಳು ಸುಮ್ಮನೆ ಒಳಗೆ ಬಂದು, ಕೋಟುಗಳು ನೇತಾಡುತ್ತಿದ್ದ ಗೋಡೆಯ ಕೆಳಗೆ, ಮಕ್ಕಳ ರಬ್ಬರ್ ಬೂಟುಗಳ ಪಕ್ಕದಲ್ಲಿದ್ದ ಕುರ್ಚಿಯ ಮೇಲೆ ಕುಳಿತಳು. ಬೆನ್ನು ಒರಗಿಸಿ ಕುಳಿತಳು.

ಹುಡುಗಿ ಹತ್ತಿರ ಬಂದು ನಿಂತಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು.

“ನೀವ್ಯಾರು?”

“ನಿನ್ನಜ್ಜಿ.”

“ಯಾಕ್ ಇಲ್ಲಿ ಕೂತಿದೀರ? ಕೇಕ್ ಒಳಗಿದೆ.”

“ಕಾಯ್ತಿದೀನಿ. ನಿಂಗೊಂದ್ ಮಾತ್ ಹೇಳ್ಬೇಕು, ಇನ್ನೂ ಹೊತ್ತಾಗಿಲ್ಲ.”

“ಏನ್ ಮಾತು?”

“ಹೊತ್ತಾದ್ಮೇಲೆ.”

ಯೂಲೆ ಸ್ವಲ್ಪ ಯೋಚಿಸಿದಳು. ಒಳಗಿನ ಗಲಾಟೆಯ ಕಡೆ ನೋಡಿದಳು, ಅಜ್ಜಿಯ ಕಡೆ ನೋಡಿದಳು. ಆಮೇಲೆ ಅಜ್ಜಿಯನ್ನು ಪಕ್ಕಕ್ಕೆ ಒತ್ತರಿಸಿ ಅದೇ ಕುರ್ಚಿಯ ಅರ್ಧದಲ್ಲಿ ತಾನೂ ಕುಳಿತು ಕಾಲು ಆಡಿಸತೊಡಗಿದಳು.

ಸಿಲ್ಕೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕಾಫಿ ಸೋಸಿ ಬಂದಳು, ನೋಡಿದಳು. ಕೇಕು ಕತ್ತರಿಸಿ ಬಂದಳು, ನೋಡಿದಳು. ತಾಯಿ ಕುಳಿತೇ ಇದ್ದಳು, ಕೈಗಳು ಮಡಿಲಲ್ಲಿದ್ದವು, ಕಣ್ಣು ಒಮ್ಮೆಯೂ ಗಡಿಯಾರದ ಕಡೆ ಹೋಗಲಿಲ್ಲ. ಸಿಲ್ಕೆ ಒಂದು ಹೆಜ್ಜೆ ಹತ್ತಿರ ಬಂದಳು.

“ಸಾಕಮ್ಮ,” ಎಂದಳು. “ಹೇಳ್ಬಿಡು.”

“ನಾಲ್ಕಾಗ್ಲಿ,” ಎಂದಳು ರೋಸ್ವೀಟಾ, ಕುಳಿತಲ್ಲಿಂದ ಏಳದೆ.